ಎಸೆತ ಅರ್ಧ ಗಂಟೆ, ಆಟ ಎರಡೂವರೆ ಗಂಟೆ: ಕೈ ಪಳಗಿದ ಡಿಸ್ಕ್ ಗಾಲ್ಫ್ ಆಟಗಾರರಿಗೆ ನಡವಳಿಕೆಯ ಮಾರ್ಗದರ್ಶಿ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತಾ ಹೋಗಿ, ಚೈನು ಇಳಿಬಿಟ್ಟ ಬಾಸ್ಕೆಟ್‌ಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಹಾಕುವ ಆಟ. ಮೊದಲ ಎಸೆತದ ಜಾಗ ಟೀ, ಟೀಯಿಂದ ಬಾಸ್ಕೆಟ್‌ವರೆಗಿನ ಒಂದು ದಾರಿ ಒಂದು ಹೋಲ್. ಹದಿನೆಂಟು ಹೋಲ್‌ಗಳ ಒಂದು ಸುತ್ತನ್ನು ಕೈ ಪಳಗಿದವರು 55–60 ಎಸೆತಗಳಲ್ಲಿ ಮುಗಿಸುತ್ತಾರೆ. ಒಂದು ಎಸೆತಕ್ಕೆ ನಿಯಮ ಕೊಡುವ ಸಮಯ 30 ಸೆಕೆಂಡು. ಪ್ರತಿ ಸಲವೂ ಅದನ್ನು ಪೂರ್ತಿ ಬಳಸಿಕೊಂಡರೂ ಒಬ್ಬರ ಪಾಲಿಗೆ ಬರುವುದು ಅರ್ಧ ಗಂಟೆ. ನಾಲ್ಕು ಜನರ ಗುಂಪಿಗೆ ಸುತ್ತು ಮುಗಿಯಲು ಎರಡೂವರೆ ಗಂಟೆಯಾದರೂ ಬೇಕು. ಉಳಿದ ಎರಡು ಗಂಟೆ ನೀವು ನಡೆಯುತ್ತೀರಿ, ನಿಲ್ಲುತ್ತೀರಿ, ಬೇರೆಯವರ ಡಿಸ್ಕ್ ಎಲ್ಲಿ ಬಿತ್ತೆಂದು ನೋಡುತ್ತೀರಿ, ಹುಲ್ಲಿನಲ್ಲಿ ಹುಡುಕುತ್ತೀರಿ, ಲೆಕ್ಕ ಬರೆಯುತ್ತೀರಿ. ಇವರ ಜೊತೆ ಇನ್ನೊಂದು ಸಲ ಆಡಬೇಕು ಅಂತ ಜೊತೆಗಾರರಿಗೆ ಅನ್ನಿಸುವುದು ಆ ಎರಡು ಗಂಟೆಯಿಂದ. ಈ ಬರಹವೆಲ್ಲ ಆ ಎರಡು ಗಂಟೆಯ ಬಗ್ಗೆಯೇ.

ಈ ಆಟಕ್ಕೆ ಅಂಪೈರ್ ಇಲ್ಲ. ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದರು. 1976ರಲ್ಲಿ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಪಿಡಿಜಿಎ, ಶುರುವಾಯಿತು. ಇವತ್ತಿಗೂ ಹೆಚ್ಚಿನ ಪಂದ್ಯಗಳಲ್ಲಿ ತಪ್ಪು ಹಿಡಿಯುವವರು, ಒಪ್ಪುವವರು, ಬರೆದುಕೊಳ್ಳುವವರು ಆಡುವವರೇ. ಗುಂಪಿನಲ್ಲಿ ಚೆನ್ನಾಗಿ ಆಡುವ ಒಬ್ಬರು ಗುರುತಿಗಿಂತ ಕಾಲು ಮುಂದಿಟ್ಟು ಎಸೆದು ಸುಮ್ಮನಾದರೆ, ಮುಂದಿನ ವಾರ ಹೊಸಬರು ಮೂವರು ಹಾಗೇ ಎಸೆಯುತ್ತಾರೆ. ಆದ್ದರಿಂದ 80–90 ಮೀಟರ್ ದಾಟಿಸಿ ಎಸೆಯಬಲ್ಲವರ ಮೇಲೆ ಹೊಣೆ ಜಾಸ್ತಿ.

ಎಸೆಯುವ ಮುಂಚೆ: ಜಾಗ ಯಾರದು

ಬೆಂಗಳೂರಿನಲ್ಲಿ ಬಾಸ್ಕೆಟ್ ಇಟ್ಟು ಆಡಬಹುದಾದ ಹಸಿರು ಜಾಗದಲ್ಲಿ ನಮಗಿಂತ ಮುಂಚೆ ಬಂದವರು ಇದ್ದೇ ಇರುತ್ತಾರೆ. ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ವಾಕಿಂಗ್‌ನವರು, ಆಮೇಲೆ ಕಸ ಗುಡಿಸುವವರು, ಮಾಲಿಗಳು, ಸಂಜೆ ಮಕ್ಕಳು. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು, ಬಡಾವಣೆಯ ಪಾರ್ಕುಗಳು ಪಾಲಿಕೆಯವು, ತುರಹಳ್ಳಿಯಂಥ ಕಾಡು ಅರಣ್ಯ ಇಲಾಖೆಯದು. ಕಾಲೇಜು ಮೈದಾನವಾಗಲಿ, ಊರ ಹೊರಗಿನ ನೀಲಗಿರಿ ತೋಪಾಗಲಿ, ಒಡೆಯರನ್ನು ಕೇಳಿ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಕಾವಲಿನವರು ಬಂದು ಕೇಳಿದಾಗ ಆ ಕಾಗದ ತೋರಿಸಿ ನಾಲ್ಕು ಒಳ್ಳೆಯ ಮಾತಾಡಬೇಕಾದವರು ಗುಂಪಿನ ಹಿರಿಯರು.

ಜಾಗ ಚಿಕ್ಕದಾದರೆ ಡ್ರೈವರ್‌ಗಳನ್ನು (ದೂರದ ಎಸೆತದ ಡಿಸ್ಕ್‌ಗಳು) ಚೀಲದಿಂದ ತೆಗೆಯಲೇಬೇಡಿ. 40–60 ಮೀಟರ್‌ಗಳ ಹೋಲ್‌ಗಳನ್ನು ಹಾಕಿ, ಬರೀ ಪಟರ್‌ಗಳಲ್ಲಿ (ಹತ್ತಿರದ ಎಸೆತದ ನಿಧಾನದ ಡಿಸ್ಕ್‌ಗಳು) ಆಡಿ. ಡ್ರೈವರ್ 175 ಗ್ರಾಂ ಆಸುಪಾಸಿನ ಗಟ್ಟಿ ಪ್ಲಾಸ್ಟಿಕ್, ಅಂಚು ತೆಳ್ಳಗೆ. ಜೋರಾಗಿ ಎಸೆಯುವವರ ಕೈಯಿಂದ ಗಂಟೆಗೆ ನೂರು ಕಿಲೋಮೀಟರ್ ಹತ್ತಿರದ ವೇಗದಲ್ಲಿ ಹೊರಡುತ್ತದೆ. ಮುಖಕ್ಕೆ ಬಡಿದರೆ ಹಲ್ಲು ಹೋಗುತ್ತದೆ, ಕಣ್ಣೂ ಹೋಗಬಹುದು.

ಟೀ ಮೇಲೆ ನಿಂತಾಗ ಈ ಲೆಕ್ಕ ತಲೆಯಲ್ಲಿರಲಿ. ನೂರು ಮೀಟರ್‌ನ ಎಸೆತ ನಾಲ್ಕೈದು ಸೆಕೆಂಡು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಮಾಮೂಲಿ ನಡಿಗೆಯವರು ಆರೇಳು ಮೀಟರ್ ಮುಂದೆ ಬಂದಿರುತ್ತಾರೆ, ಜಾಗಿಂಗ್ ಮಾಡುವವರು ಹನ್ನೆರಡು ಹದಿಮೂರು ಮೀಟರ್. ಒಣ ನೆಲಕ್ಕೆ ಬಿದ್ದ ಡಿಸ್ಕ್ ಜಾರಿ ಇನ್ನೂ ಹತ್ತು ಮೀಟರ್ ಪಕ್ಕಕ್ಕೆ ಹೋಗಬಹುದು. ಹಾಗಾಗಿ "ಅವರು ಇನ್ನೂ ಆ ಕಡೆ ಇದ್ದಾರೆ" ಅನ್ನುವ ಅಂದಾಜು ಸಾಲದು. ಬಾಸ್ಕೆಟ್‌ನ ಎರಡೂ ಬದಿಗೆ ಕನಿಷ್ಠ 30 ಮೀಟರ್, ಆಚೆಗೂ ಅಷ್ಟೇ ಜಾಗ ಖಾಲಿಯಾಗುವವರೆಗೆ ಡಿಸ್ಕ್ ಕೆಳಗಿಳಿಸಿ ನಿಲ್ಲಿ. ನಡೆದು ಹೋಗುವವರನ್ನು "ಸ್ವಲ್ಪ ನಿಂತ್ಕೊಳ್ಳಿ ಸರ್" ಅಂತ ತಡೆಯುವುದು ಸರಿಯಲ್ಲ. ದಾರಿ ಅವರದು, ಕಾಯಬೇಕಾದವರು ನಾವು. ಅವರಾಗಿಯೇ ನಿಂತು "ಆಡಿ, ಆಡಿ" ಅಂದರೆ ಅವರು ಮರದ ಹಿಂದೋ ನಿಮ್ಮ ಬೆನ್ನ ಹಿಂದೋ ಇದ್ದಾರೆ ಅಂತ ಖಾತರಿ ಮಾಡಿಕೊಂಡ ಮೇಲಷ್ಟೇ ಎಸೆಯಿರಿ. ಆಮೇಲೆ ಒಂದು ಥ್ಯಾಂಕ್ಸ್ ಹೇಳಿ. ಮುಂದಿನ ಭಾನುವಾರ ಅದೇ ಅಂಕಲ್ ಪಾರ್ಕ್ ಸಂಘದ ಸಭೆಯಲ್ಲಿ ನಿಮ್ಮ ಪರ ಮಾತಾಡಬಹುದು.

ಎಸೆತ ತಪ್ಪಿ ಜನರ ಕಡೆ ಹೋದರೆ "ಫೋರ್!" ಅಂತ ಕೂಗುವುದು ಆಟಗಾರರಿಗೆ ಅರ್ಥವಾಗುತ್ತದೆ, ತರಕಾರಿ ಚೀಲ ಹಿಡಿದು ಹೋಗುವ ಅಮ್ಮನಿಗೆ ಅರ್ಥವಾಗುವುದಿಲ್ಲ. ಅವರು ಶಬ್ದ ಬಂದ ಕಡೆಗೆ ಮುಖ ಎತ್ತಿ ನೋಡುತ್ತಾರೆ, ಅದು ಇನ್ನೂ ಅಪಾಯ. "ತಲೆ ಹುಷಾರು! ತಲೆ ಬಗ್ಗಿಸಿ!" ಅಂತ ಕನ್ನಡದಲ್ಲೇ, ಹೊಟ್ಟೆಯಿಂದ ದನಿ ತೆಗೆದು ಕೂಗಿ. ಎಸೆದವರೊಬ್ಬರೇ ಅಲ್ಲ, ನೋಡಿದವರೆಲ್ಲ ಕೂಗಬೇಕು. ಬಾಸ್ಕೆಟ್ ಕಾಣದ ತಿರುವಿನ ಹೋಲ್ ಇದ್ದರೆ ಒಬ್ಬರನ್ನು ಮುಂದೆ ಕಳಿಸಿ: ಎರಡೂ ಕೈ ಮೇಲೆತ್ತಿದರೆ ನಿಲ್ಲಿಸಿ, ಒಂದು ಕೈ ಬೀಸಿದರೆ ಎಸೆಯಿರಿ. ಈ ಸನ್ನೆಯನ್ನು ಮೊದಲ ಟೀಯಲ್ಲೇ ಎಲ್ಲರೂ ಸೇರಿ ಗೊತ್ತು ಮಾಡಿಕೊಳ್ಳಿ.

ಬೇರೆಯವರ ಸರದಿಯಲ್ಲಿ ಎಲ್ಲಿ ನಿಲ್ಲಬೇಕು

ಹಿಂದಿನ ಹೋಲ್‌ನಲ್ಲಿ ಕಡಿಮೆ ಎಸೆತದಲ್ಲಿ ಮುಗಿಸಿದವರು ಟೀಯಲ್ಲಿ ಮೊದಲು ಎಸೆಯುತ್ತಾರೆ. ಆಮೇಲೆ ಬಾಸ್ಕೆಟ್‌ನಿಂದ ಯಾರ ಡಿಸ್ಕ್ ಹೆಚ್ಚು ದೂರವಿದೆಯೋ ಅವರು. ಇದು ಎಲ್ಲರಿಗೂ ಗೊತ್ತು. ತಪ್ಪು ನಡೆಯುವುದು ಇವೆರಡರ ನಡುವೆ, ಮತ್ತು ಅದನ್ನು ಹೆಚ್ಚಾಗಿ ಮಾಡುವವರು ಚೆನ್ನಾಗಿ ಎಸೆಯುವವರೇ. ನಿಮ್ಮ ಡಿಸ್ಕ್ 95 ಮೀಟರ್ ಹೋಗಿದೆ, ಜೊತೆಗಾರರದು 50 ಮೀಟರ್‌ನಲ್ಲಿದೆ. ಮಾತಾಡುತ್ತಾ ನೇರ ನಿಮ್ಮ ಡಿಸ್ಕ್ ಕಡೆ ನಡೆದರೆ ಅವರು ಎಸೆಯಬೇಕಾದ ದಾರಿಯಲ್ಲೇ ನಿಮ್ಮ ಬೆನ್ನಿರುತ್ತದೆ. ಅಪಾಯ ಒಂದು ಕಡೆ. ಇನ್ನೊಂದು ಕಡೆ, ಮುಂದೆ ನಿಂತು ತಿರುಗಿ ನೋಡುವ ನಿಮ್ಮನ್ನು ಕಂಡು ಅವರು ಆತುರಪಟ್ಟು ಎಸೆತ ಕೆಡಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ಹಿಂದೆ ಬಿದ್ದ ಡಿಸ್ಕ್ ಎಲ್ಲಿದೆಯೋ ಅಲ್ಲಿಗೆ ಗುಂಪೆಲ್ಲ ಒಟ್ಟಿಗೆ ನಡೆಯಲಿ. ಆ ಎಸೆತ ಮುಗಿದ ಮೇಲೆ ಮುಂದಿನದು. ಎಸೆಯಬೇಕಾದವರಿಗಿಂತ ಮುಂದೆ ಹೋಗುವುದನ್ನು ಪಿಡಿಜಿಎ ನಿಯಮ ಸೌಜನ್ಯ ಉಲ್ಲಂಘನೆಯ ಪಟ್ಟಿಯಲ್ಲೇ ಸೇರಿಸಿದೆ. ಮೊದಲ ಸಲ ಎಚ್ಚರಿಕೆ, ಅದೇ ಸುತ್ತಿನಲ್ಲಿ ಮತ್ತೆ ಇಂಥ ಉಲ್ಲಂಘನೆಯಾದರೆ ಪ್ರತಿ ಸಲ ಒಂದು ದಂಡದ ಎಸೆತ.

ಪಟ್, ಅಂದರೆ ಬಾಸ್ಕೆಟ್‌ಗೆ ಹಾಕುವ ಹತ್ತಿರದ ಎಸೆತ, ಹಾಕುವವರ ಹಿಂದೆ, ನಾಲ್ಕೈದು ಮೀಟರ್ ದೂರದಲ್ಲಿ, ಅವರ ಕಣ್ಣಂಚಿಗೆ ಸಿಗದ ಹಾಗೆ ನಿಲ್ಲಿ. ಬಾಸ್ಕೆಟ್‌ನ ಆಚೆ ನಿಲ್ಲಬೇಡಿ. ಬೆಳಿಗ್ಗೆ ಏಳು ಗಂಟೆಯ ಬಿಸಿಲಿನಲ್ಲಿ ನಿಮ್ಮ ನೆರಳು ನಿಮಗಿಂತ ಹಲವು ಪಟ್ಟು ಉದ್ದ. ಅದು ಪಟ್‌ನ ದಾರಿಯ ಮೇಲೆ ಬಿದ್ದು ಅಲುಗಾಡಿದರೆ ನೀವೇ ಅಲುಗಾಡಿದ ಹಾಗೆ. ಚೀಲದ ಜಿಪ್ ಎಳೆಯುವುದು, ಡಿಸ್ಕ್‌ಗಳನ್ನು ಒಂದಕ್ಕೊಂದು ತಟ್ಟುವುದು, ನೀರಿನ ಬಾಟಲಿ ಒತ್ತುವುದು ಎಲ್ಲ ಅವರ ಡಿಸ್ಕ್ ಕೈ ಬಿಟ್ಟ ಮೇಲೆ. ಮೊಬೈಲ್ ಸೈಲೆಂಟ್‌ನಲ್ಲಿರಲಿ.

ಒಳ್ಳೆಯ ಎಸೆತಕ್ಕೆ ಹೊಗಳಿಕೆ ಬೇಕು, ಆದರೆ ಹೊತ್ತು ನೋಡಿ. ಡಿಸ್ಕ್ ಇನ್ನೂ ಗಾಳಿಯಲ್ಲಿರುವಾಗ "ಸೂಪರ್!" ಅಂದು, ಅದು ಕೊನೆಗೆ ತಿರುಗಿ ಪೊದೆಗೆ ಹೋದರೆ ಎಸೆದವರಿಗೆ ಎರಡು ಪಟ್ಟು ಬೇಸರ. ನಿಂತ ಮೇಲೆ ಹೇಳಿ. ಸಂಭ್ರಮ ದೊಡ್ಡದಾದಾಗ ಇನ್ನೂ ಆಡಬೇಕಾದವರನ್ನು ಮರೆಯಬೇಡಿ. 2021ರ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್‌ನಲ್ಲಿ ಜೇಮ್ಸ್ ಕಾನ್ರಾಡ್ ಸುಮಾರು 75 ಮೀಟರ್ ದೂರದಿಂದ ನೇರ ಬಾಸ್ಕೆಟ್‌ಗೆ ಹಾಕಿದರು. ಜನ ಹುಚ್ಚೆದ್ದು ಕುಣಿದರು. ಆದರೆ ಒಂದು ಎಸೆತ ಮುಂದಿದ್ದ ಪಾಲ್ ಮೆಕ್‌ಬೆತ್ ಆ ಗದ್ದಲದ ನಡುವೆ ಇನ್ನೂ ಅದೇ ಹೋಲ್ ಮುಗಿಸಬೇಕಿತ್ತು. ಅವರು ಮುಗಿಸಿದಾಗ ಇಬ್ಬರ ಲೆಕ್ಕ ಸಮವಾಯಿತು, ಪ್ಲೇ ಆಫ್‌ನಲ್ಲಿ ಕಾನ್ರಾಡ್ ಗೆದ್ದರು. ನಿಮ್ಮ ಗುಂಪಿನಲ್ಲಿ ಇಂಥ ಎಸೆತ ಬಂದ ದಿನ ಕೂಗಿ, ಕೈ ತಟ್ಟಿ. ಆಮೇಲೆ ಉಳಿದವರಿಗೆ ಉಸಿರು ತೆಗೆದುಕೊಳ್ಳುವಷ್ಟು ನಿಶ್ಶಬ್ದ ಕೊಡಿ.

ಕಾಲಿನ ಲೆಕ್ಕ

ಕೈ ಪಳಗಿದವರ ನಡುವೆ ಮನಸ್ತಾಪ ಬರುವುದು ಹೆಚ್ಚಾಗಿ ಕಾಲಿನಿಂದ. ನಿಯಮ ಸರಳವಾಗಿದೆ. ಡಿಸ್ಕ್ ನಿಂತ ಜಾಗದಲ್ಲಿ ಅದರ ಮುಂಭಾಗಕ್ಕೆ ತಾಗುವಂತೆ ಮಿನಿ (ಗುರುತಿಗೆ ಇಡುವ ಪುಟ್ಟ ಡಿಸ್ಕ್) ಇಡುತ್ತೀರಿ, ಅಥವಾ ಡಿಸ್ಕನ್ನೇ ಗುರುತಾಗಿ ಬಿಡುತ್ತೀರಿ. ಆ ಗುರುತಿನ ಹಿಂದೆ, ಬಾಸ್ಕೆಟ್‌ನ ನೇರಕ್ಕೆ, 20 ಸೆಂಟಿಮೀಟರ್ ಅಗಲ 30 ಸೆಂಟಿಮೀಟರ್ ಉದ್ದದ ಒಂದು ಆಯತ ಇದೆ ಅಂದುಕೊಳ್ಳಿ. ಡಿಸ್ಕ್ ಕೈ ಬಿಡುವ ಗಳಿಗೆಯಲ್ಲಿ ನಿಮ್ಮ ಮೈಯ ಭಾರ ಹೊತ್ತ ಒಂದು ಭಾಗ ಆ ಆಯತಕ್ಕೆ ತಾಗಿರಬೇಕು. ಗುರುತಿನ ಹಿಂದಿನ ಅಂಚಿಗಿಂತ ಬಾಸ್ಕೆಟ್‌ಗೆ ಹತ್ತಿರ ಯಾವ ಕಾಲೂ ಊರಿರಬಾರದು. ತಪ್ಪಿದರೆ ಒಂದು ದಂಡದ ಎಸೆತ.

ಚೆನ್ನಾಗಿ ಆಡುವವರೇ ಇಲ್ಲಿ ತಪ್ಪುವುದಕ್ಕೆ ಕಾರಣವಿದೆ. ಓಟ ಜೋರಾದಷ್ಟೂ ಕೊನೆಯ ಹೆಜ್ಜೆ ಉದ್ದವಾಗುತ್ತದೆ. ಕಣ್ಣು ದೂರದ ಬಾಸ್ಕೆಟ್ ಮೇಲಿರುತ್ತದೆ. ಕಾಲು ಮಿನಿಯನ್ನು ತುಳಿದೋ ಅರ್ಧ ಅಡಿ ಪಕ್ಕಕ್ಕೋ ಬೀಳುತ್ತದೆ. ಎಸೆದವರಿಗೆ ಗೊತ್ತೇ ಆಗಿರುವುದಿಲ್ಲ. ಇದನ್ನು ಮನೆ ಹತ್ತಿರವೇ ಅಳೆದು ನೋಡಬಹುದು. ಒಂದು ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ, ಹೆಚ್ಚೂಕಡಿಮೆ ಆ ಆಯತವೇ. ಮಣ್ಣಿನ ನೆಲದಲ್ಲಿ ಹಾಳೆ ಇಟ್ಟು, ಸುತ್ತಲೂ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಹಾಳೆ ತೆಗೆದುಬಿಡಿ. ಮೇಲೇ ಬಿಟ್ಟರೆ ಕಾಲು ಜಾರುತ್ತದೆ. ಗೆರೆಯ ಮುಂದೆ ಮಿನಿ ಇಟ್ಟು ಮಾಮೂಲಿ ಓಟದಲ್ಲಿ ಇಪ್ಪತ್ತು ಸಲ ಎಸೆಯಿರಿ. ಪ್ರತಿ ಸಲ ಹೆಜ್ಜೆ ಗುರುತು ಎಲ್ಲಿದೆ ನೋಡಿ. ಇಪ್ಪತ್ತಕ್ಕೆ ಐದಾರು ಸಲ ಹೊರಗೆ ಬಿದ್ದರೆ ಓಟವನ್ನು ಮೂರು ಹೆಜ್ಜೆಗೆ ಇಳಿಸಿ, ಇಲ್ಲವೇ ನಿಂತೇ ಎಸೆಯಿರಿ. ದೂರದಲ್ಲಿ ಐದಾರು ಮೀಟರ್ ಕಡಿಮೆಯಾಗಬಹುದು, ಎಸೆತ ಮಾತ್ರ ಸಾಚಾ.

ಕಾಯಂ ಟೀ ಇಲ್ಲದ ಕಡೆ, ಅಂದರೆ ನಮ್ಮಲ್ಲಿ ಹೆಚ್ಚಿನ ಕಡೆ, ಟೀ ಗೆರೆಯಿಂದ ಹಿಂದಕ್ಕೆ 3 ಮೀಟರ್ ಜಾಗ ಟೀ ಅಂತ ಲೆಕ್ಕ. ಆ ಚೌಕವನ್ನು ಪುಡಿಯಲ್ಲಿ ಪೂರ್ತಿ ಎಳೆದುಬಿಡಿ, ಜಗಳಕ್ಕೆ ಜಾಗ ಇರುವುದಿಲ್ಲ.

ಬಾಸ್ಕೆಟ್‌ನಿಂದ 10 ಮೀಟರ್ ಒಳಗೆ ಇನ್ನೊಂದು ಷರತ್ತು: ಎಸೆದ ಮೇಲೆ ಗುರುತಿನ ಹಿಂದೆಯೇ ಪೂರ್ತಿ ನಿಂತು ತೋರಿಸಿ, ಆಮೇಲೆ ಮುಂದೆ ನಡೆಯಬೇಕು. ಪಟ್ ಹೊರಟ ಹುಮ್ಮಸ್ಸಿನಲ್ಲಿ ಮುಂದಕ್ಕೆ ವಾಲಿ ಹೆಜ್ಜೆ ಇಟ್ಟರೆ ಅದೂ ಒಂದು ದಂಡದ ಎಸೆತ. 10 ಮೀಟರ್ ಉದ್ದದ ನೈಲಾನ್ ದಾರ ಒಂದು ಚೀಲದಲ್ಲಿರಲಿ. ಬಾಸ್ಕೆಟ್‌ನ ಬುಡದಿಂದ ಗುರುತಿನ ಹಿಂದಿನ ಅಂಚಿಗೆ ಹಿಡಿದು ನೋಡಿದರೆ ಹತ್ತು ಸೆಕೆಂಡಿನಲ್ಲಿ ತೀರುವ ಮಾತು. ಹನ್ನೊಂದು ಮೀಟರ್ ಇರಬಹುದು ಅಂತ ಕಣ್ಣಳತೆಯಲ್ಲೇ ಹಾರಿ ಪಟ್ ಹಾಕುವವರು ದಾರ ಹಿಡಿದಾಗ ಆಗಾಗ ಒಂಬತ್ತೂವರೆಯಲ್ಲಿ ನಿಂತಿರುತ್ತಾರೆ.

ಇನ್ನು ಬೇರೆಯವರ ಕಾಲು. ಇದು ಬಹಳ ಜನಕ್ಕೆ ಕಷ್ಟ. ಗೆಳೆಯರ ತಪ್ಪನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳುವ ಕ್ರಮ ಮೊದಲೇ ಗೊತ್ತಿದ್ದರೆ ಕಷ್ಟ ಅರ್ಧವಾಗುತ್ತದೆ.

1. ಮೊದಲ ಟೀಯಲ್ಲೇ ಹೇಳಿಬಿಡಿ: "ಇವತ್ತು ಕಾಲು ನೋಡೋಣ, ಎಲ್ಲರದ್ದೂ." ಸ್ನೇಹದ ಆಟವಾದರೆ "ನೋಡೋದು ಬೇಡ" ಅಂತಲೂ ತೀರ್ಮಾನಿಸಬಹುದು. ಏನೇ ಆದರೂ ಹದಿನೆಂಟೂ ಹೋಲ್‌ಗೆ ಒಂದೇ ತೀರ್ಮಾನ.

2. ನೋಡುವ ಕೆಲಸ ಹಂಚಿಕೊಳ್ಳಿ. ಎಲ್ಲರೂ ಹಾರುವ ಡಿಸ್ಕನ್ನೇ ನೋಡುವುದರಿಂದ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗಷ್ಟೇ ಎಸೆದು ಮುಗಿಸಿದವರು ಮುಂದಿನವರ ಕಾಲು ನೋಡಲಿ, ಬದಿಯಲ್ಲಿ ನಿಂತು. ಇನ್ನಿಬ್ಬರಲ್ಲಿ ಒಬ್ಬರಾದರೂ ಕಾಲಿನ ಮೇಲೆ ಕಣ್ಣಿಟ್ಟು, ಆಮೇಲೆ ಡಿಸ್ಕ್ ಕಡೆ ತಿರುಗಲಿ. ಉಳಿದವರು ಡಿಸ್ಕ್.

3. ಕಂಡರೆ ಕೂಡಲೇ, ಎಲ್ಲರಿಗೂ ಕೇಳುವಂತೆ, ಕಂಡದ್ದನ್ನಷ್ಟೇ ಹೇಳಿ: "ಗುರು, ಕಾಲು ಮಿನಿ ಮೇಲೆ ಬಂತು." ಹಿರಿಯರಾದರೆ "ಸರ್, ನಿಮ್ಮ ಬಲಗಾಲು ಮಿನಿಗಿಂತ ಮುಂದೆ ಬಿತ್ತು." ಮೂರನೇ ಹೋಲ್‌ನಿಂದ ನೋಡ್ತಾ ಇದ್ದೀನಿ, ಯಾವಾಗಲೂ ಹೀಗೇ ಮಾಡ್ತೀರಿ ಅನ್ನುವ ಬಾಲ ಬೇಡ.

4. ಬೇರೆಯವರ ಮೇಲಿನ ಫೌಲ್‌ಗೆ ಗುಂಪಿನ ಇನ್ನೊಬ್ಬರ ಒಪ್ಪಿಗೆ ಬೇಕು. ಆ ಇನ್ನೊಬ್ಬರು ನೀವಾದರೆ, ಕಂಡಿದ್ದರೆ "ಹೌದು, ನಾನೂ ನೋಡಿದೆ", ಕಾಣದಿದ್ದರೆ "ನಾನು ಡಿಸ್ಕ್ ನೋಡ್ತಿದ್ದೆ". ಗೆಳೆತನಕ್ಕೆ ಹೌದು ಅನ್ನುವುದೂ ತಪ್ಪು, ಅಲ್ಲ ಅನ್ನುವುದೂ ತಪ್ಪು.

5. ಫೌಲ್ ನಿಮ್ಮ ಮೇಲೆ ಬಂದರೆ "ಸರಿ, ಒಂದು ಸೇರಿಸಿ" ಅಂದು ಮುಂದೆ ನಡೆಯಿರಿ. ವಾದವಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ. ಗುಂಪಿನಲ್ಲಿ ಬಹುಮತ ಮೂಡದಿದ್ದರೆ ಸಂಶಯದ ಲಾಭ ಎಸೆದವರಿಗೆ, ಇದೂ ನಿಯಮವೇ. ಪಂದ್ಯವಾದರೆ ಆಮೇಲೆ ಪಂದ್ಯದ ನಿರ್ದೇಶಕರನ್ನು ಕೇಳಬಹುದು.

ಎರಡರಿಂದ ಹದಿನಾರನೇ ಹೋಲ್‌ವರೆಗೆ ನಾಲ್ಕು ಸಲ ಕಂಡೂ ಸುಮ್ಮನಿದ್ದು, ಹದಿನೇಳರಲ್ಲಿ ಎದುರಾಳಿ ಒಂದು ಎಸೆತ ಮುಂದಿರುವಾಗ ಫೌಲ್ ಹೇಳುವವರು ಇದ್ದಾರೆ. ಪುಸ್ತಕದ ಪ್ರಕಾರ ಆ ಫೌಲ್ ಸರಿಯಾಗಿಯೇ ಇರಬಹುದು. ಆದರೂ ಈ ಆಟದಲ್ಲಿ ಅದಕ್ಕಿಂತ ಕೆಟ್ಟ ನಡವಳಿಕೆ ಕಡಿಮೆ. ಹೇಳುವುದಾದರೆ ಎರಡನೇ ಹೋಲ್‌ನಲ್ಲೇ ಹೇಳಿ.

ಅಲ್ಟಿಮೇಟ್ (ಡಿಸ್ಕ್ ಹಿಡಿದು ಎಸೆದು ಆಡುವ ತಂಡದ ಆಟ) ಆಡಿ ಇಲ್ಲಿಗೆ ಬಂದವರಿಗೆ ಒಂದು ಮಾತು. ಅಲ್ಲೂ ಅಂಪೈರ್ ಇಲ್ಲ, ಆದರೆ ಅಲ್ಲಿ ಫೌಲ್ ಕರೆಯುವುದು ಸಾಮಾನ್ಯವಾಗಿ ಪೆಟ್ಟು ತಿಂದವರು, ಎದುರಿನವರು ಒಪ್ಪದಿದ್ದರೆ ಡಿಸ್ಕ್ ಹಿಂದಕ್ಕೆ ಹೋಗುತ್ತದೆ. ಡಿಸ್ಕ್ ಗಾಲ್ಫ್‌ನಲ್ಲಿ ಪೆಟ್ಟು ತಿಂದವರು ಅಂತ ಯಾರೂ ಇಲ್ಲ. ಹಾಗಾಗಿ ಕಂಡವರೆಲ್ಲರ ಮೇಲೂ ಹೇಳುವ ಹೊಣೆ ಇದೆ. "ನನಗೇನು ತೊಂದರೆಯಾಗಲಿಲ್ಲವಲ್ಲ" ಅನ್ನುವ ಅಲ್ಟಿಮೇಟ್‌ನ ಔದಾರ್ಯ ಇಲ್ಲಿ ಉಳಿದ ಆಟಗಾರರಿಗೆ ಅನ್ಯಾಯ ಮಾಡುತ್ತದೆ.

ಯಾರೂ ನೋಡದಾಗ

ಓಬಿ (ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಜಾಗದ ಹೊರಗು) ಗೆರೆಯ ಹತ್ತಿರ ಡಿಸ್ಕ್ ಬಿದ್ದಿದೆ, ಉಳಿದವರು ನಲವತ್ತು ಮೀಟರ್ ಹಿಂದೆ. ಅದನ್ನು ಮುಟ್ಟಬೇಡಿ. ಗೆರೆಯೂ ಓಬಿಯೇ, ಡಿಸ್ಕ್‌ನ ಒಂದಿಷ್ಟಾದರೂ ಒಳಗಿನ ನೆಲದ ಮೇಲಿದ್ದರೆ ಒಳಗೆ, ಸುತ್ತಲೂ ಪೂರ್ತಿ ಓಬಿ ಇದ್ದರೆ ಹೊರಗೆ. ಒಬ್ಬರನ್ನು ಕರೆದು ತೋರಿಸಿ, ಆಮೇಲೆ ಎತ್ತಿ. ತೀರ್ಮಾನಕ್ಕೆ ಮುಂಚೆ ಎಸೆದವರೇ ಡಿಸ್ಕ್ ಎತ್ತಿಬಿಟ್ಟರೆ ನಿಯಮ ಅದನ್ನು ಓಬಿ ಅಂತಲೇ ಪರಿಗಣಿಸುತ್ತದೆ. ನೀವು ಸಾಚಾ ಇದ್ದರೂ ತೋರಿಸಲು ಉಳಿದಿರುವುದೇನೂ ಇರುವುದಿಲ್ಲ.

ನಮ್ಮ ಮೈದಾನಗಳಲ್ಲಿ ಓಬಿ ಅಂದರೆ ಹೆಚ್ಚಾಗಿ ವಾಕಿಂಗ್ ಟ್ರ್ಯಾಕ್, ಚರಂಡಿ, ಕಾಂಪೌಂಡ್. ಸುತ್ತು ಶುರುವಾಗುವ ಮುಂಚೆ ಟ್ರ್ಯಾಕ್‌ನ ಯಾವ ಅಂಚು ಗೆರೆ ಅಂತ ಬೆರಳಿಟ್ಟು ತೋರಿಸಿ. ಟೈಲ್ಸ್‌ನ ಅಂಚೋ, ಪಕ್ಕದ ಸಿಮೆಂಟ್ ಕಟ್ಟೆಯೋ? ಈ ಅರ್ಧ ಅಡಿಗಾಗಿ ಕಳೆದುಹೋದ ಸಮಯ ಲೆಕ್ಕವಿಲ್ಲ. ಒಳಗೋ ಹೊರಗೋ ಬಗೆಹರಿಯದಿದ್ದರೆ ಎರಡೂ ಜಾಗದಿಂದ ಆಡಿ ಎರಡೂ ಸ್ಕೋರ್ ಬರೆದಿಟ್ಟು, ಸುತ್ತು ಮುಗಿದ ಮೇಲೆ ಕೇಳಿ ತೀರ್ಮಾನಿಸಿ.

ಪೊದೆಯೊಳಗೆ ಬಿದ್ದಾಗಲೂ ಹೀಗೇ. ಕೊಂಬೆ ಬಗ್ಗಿಸಿ, ಕಾಲಿನಲ್ಲಿ ಒತ್ತಿಹಿಡಿದು ಜಾಗ ಮಾಡಿಕೊಳ್ಳುವಂತಿಲ್ಲ. ಗಿಡ ಅತಿ ಕಡಿಮೆ ಅಲುಗುವ ಹಾಗೆ ನಿಂತು ಎಸೆಯಬೇಕು. ಲಂಟಾನಾ ಮುಳ್ಳು ಕೈ ಗೀರುತ್ತದೆ ಅನ್ನುವುದು ಗೊತ್ತಿರುವುದೇ, ಆದರೆ ಗೀರದ ಹಾಗೆ ಎಸೆಯುವುದೇ ಅಲ್ಲಿನ ಆಟ. ಸಡಿಲವಾಗಿ ಬಿದ್ದ ಒಣ ಕಡ್ಡಿಯನ್ನು ನಿಮ್ಮ ಕಾಲಿನ ಜಾಗದಿಂದ ಸರಿಸಬಹುದು.

ಡಿಸ್ಕ್ ಹುಡುಕುವುದು

ಹುಡುಕಲು 3 ನಿಮಿಷ. ಗುಂಪಿನ ಯಾರಾದರೂ "ಟೈಮ್ ಶುರು" ಅನ್ನಬಹುದು, ಅಂದ ಮೇಲೆ ಎಲ್ಲರೂ ಹುಡುಕಬೇಕು. ಎದುರಾಳಿಯ ಡಿಸ್ಕ್ ಅಂತ ಮರದ ನೆರಳಿನಲ್ಲಿ ಫೋನ್ ನೋಡುತ್ತಾ ನಿಂತವರಿಗೆ ಸೌಜನ್ಯ ಉಲ್ಲಂಘನೆಯ ಎಚ್ಚರಿಕೆ ಕೊಡಬಹುದು. ಹುಡುಕಾಟ ಚುರುಕಾಗುವುದು ಎಸೆತದ ಹೊತ್ತಿನಲ್ಲಿ: ಡಿಸ್ಕ್ ಕಣ್ಮರೆಯಾದ ಜಾಗದ ಹಿಂದೆ ಕಾಣುವ ಒಂದು ಮರವನ್ನು ಇಬ್ಬರು ಬೇರೆ ಬೇರೆ ಕಡೆಯಿಂದ ಗುರುತಿಟ್ಟುಕೊಂಡರೆ ಆ ಎರಡು ಗೆರೆ ಸೇರುವ ಕಡೆ ಡಿಸ್ಕ್ ಇರುತ್ತದೆ. ಸಿಗದಿದ್ದರೆ ಒಂದು ದಂಡದ ಎಸೆತ, ಹಿಂದಿನ ಜಾಗದಿಂದಲೇ ಮತ್ತೆ.

ಮೊಣಕಾಲೆತ್ತರದ ಹುಲ್ಲಿಗೆ ಬರಿಗೈ ಹಾಕಬೇಡಿ, ಹೊಸಬರಿಗೂ ಹಾಕಲು ಬಿಡಬೇಡಿ. ಕೋಲಿನಲ್ಲಿ ತಟ್ಟುತ್ತಾ, ಹೆಜ್ಜೆ ಗಟ್ಟಿಯಾಗಿ ಊರುತ್ತಾ ಹೋಗಿ. ನಾಗರಹಾವು ನಗರದೊಳಗೂ ಇದೆ. ಮರದಲ್ಲಿ ಸಿಕ್ಕಿಕೊಂಡ ಡಿಸ್ಕ್‌ಗೆ ಕಲ್ಲು, ಶೂ, ಇನ್ನೊಂದು ಡಿಸ್ಕ್ ಎಸೆಯುವ ಮುಂಚೆ ಮರದ ಮೇಲೆ ಕಣ್ಣಾಡಿಸಿ. ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಒಂದು ಕಲ್ಲು ತಾಗಿದರೆ ಪೆಟ್ಟು ತಿನ್ನುವುದು ನೀವಷ್ಟೇ ಅಲ್ಲ, ಕೆಳಗೆ ಬೆಂಚಿನ ಮೇಲೆ ಕೂತವರೂ. ಜೇನಿದ್ದರೆ ಡಿಸ್ಕ್ ಅಲ್ಲೇ ಬಿಡಿ. ಕರೆಂಟ್ ತಂತಿಯ ಹತ್ತಿರವಿದ್ದರೂ ಬಿಡಿ. ಒಣ ಬಿದಿರಿನ ಗಳವಾದರೂ ಸರಿ, ಎತ್ತಬೇಡಿ.

ಬೇರೆ ಗುಂಪಿನವರ ಡಿಸ್ಕ್ ಸಿಕ್ಕರೆ ಹಿಂದೆ ಬರೆದ ನಂಬರ್‌ಗೆ ಅದೇ ದಿನ ಫೋನ್ ಮಾಡಿ. ನಿಮ್ಮ ಡಿಸ್ಕ್‌ಗಳ ಮೇಲೂ ಹೆಸರು, ನಂಬರ್ ಅಳಿಯದ ಮಾರ್ಕರ್‌ನಲ್ಲಿ ಬರೆದಿರಲಿ.

ಸಿಟ್ಟು ಬಂದಾಗ

ಐದು ಮೀಟರ್‌ನ ಪಟ್ ತಪ್ಪಿತು. ಕೈ ಚೈನಿಗೆ ಬಡಿಯಲು ಹೋಗುತ್ತದೆ, ಕಾಲು ಚೀಲಕ್ಕೆ. ಬಾಸ್ಕೆಟ್‌ಗೆ ಬಡಿಯುವುದು, ಬೈಯುವುದು, ಚೀಲ ಒದೆಯುವುದು ಎಲ್ಲ ಸೌಜನ್ಯ ಉಲ್ಲಂಘನೆ. ತಪ್ಪಿದ ಜಾಗದಿಂದ "ಹೀಗೆ ಹಾಕಬೇಕಿತ್ತು" ಅಂತ ಇನ್ನೊಂದು ಡಿಸ್ಕ್ ಎಸೆದರೆ ಅದು ಪ್ರಾಕ್ಟೀಸ್ ಎಸೆತ, ಅದಕ್ಕೂ ಒಂದು ದಂಡ. ಚೆನ್ನಾಗಿ ಆಡುವವರಿಗೆ ಸಿಟ್ಟು ಜಾಸ್ತಿ, ಏಕೆಂದರೆ ಅವರಿಗೆ ತಮ್ಮಿಂದ ಆಗುತ್ತದೆ ಅಂತ ಗೊತ್ತು. ಅದನ್ನು ನುಂಗಿ ಅಂದರೆ ಆಗುವ ಕೆಲಸವಲ್ಲ. ಕೈಗೆ ಬೇರೆ ಕೆಲಸ ಕೊಡಿ. ಉಳಿದ ಪಟ್ ಮುಗಿಸಿ, ಡಿಸ್ಕ್ ತೆಗೆದು, ಟವೆಲ್‌ನಲ್ಲಿ ಅಂಚನ್ನು ಒಂದು ಸುತ್ತು ಪೂರ್ತಿ ಒರೆಸಿ, ಚೀಲದೊಳಗೆ ಅದರ ಜಾಗಕ್ಕೆ ಇಡಿ. ಅಲ್ಲಿಗೆ ಹದಿನೈದು ಇಪ್ಪತ್ತು ಸೆಕೆಂಡಾಯಿತು. ಮುಂದಿನ ಟೀವರೆಗೆ ಆ ಪಟ್ ಬಗ್ಗೆ ನೀವೂ ಮಾತಾಡಬೇಡಿ, "ಛೇ, ಅಷ್ಟು ಹತ್ತಿರ ಇತ್ತಲ್ಲ" ಅಂತ ಜೊತೆಯವರೂ ಕೆದಕಬೇಡಿ.

ಸಿಟ್ಟಿನಲ್ಲಿ ಎದುರಿನವರ ಸಮಯ ಅಳೆಯಲು ಶುರು ಮಾಡುವವರಿದ್ದಾರೆ. 30 ಸೆಕೆಂಡಿನ ನಿಯಮ ಇರುವುದು ನಿಜ, ಮೊದಲ ಸಲ ಎಚ್ಚರಿಕೆ, ಆಮೇಲೆ ದಂಡ. ಆದರೆ ಆ ಲೆಕ್ಕ ಶುರುವಾಗುವುದು ಹಿಂದಿನವರು ಎಸೆದು, ಇವರು ತಮ್ಮ ಜಾಗ ತಲುಪಿ ಗುರುತು ನೋಡಿಕೊಳ್ಳುವಷ್ಟು ಸಮಯ ಸಿಕ್ಕಿ, ಮುಂದೆ ದಾರಿ ಖಾಲಿಯಾದ ಮೇಲೆ. ವಾಕಿಂಗ್‌ನವರು ದಾಟುವ ಹೊತ್ತು ಅದರಲ್ಲಿ ಸೇರುವುದಿಲ್ಲ.

ಹೊಸಬರ ಜೊತೆ

ಕೇಳದೆ ಕಲಿಸಬೇಡಿ. ಮೊಣಕೈ, ಸೊಂಟ, ಡಿಸ್ಕ್‌ನ ಮೂತಿ ಅಂತ ಒಂದೇ ಹೋಲ್‌ನಲ್ಲಿ ಮೂರು ಸಲಹೆ ಕೇಳಿದವರು ನಾಲ್ಕನೇ ಎಸೆತವನ್ನು ನೆಲಕ್ಕೆ ಹೊಡೆಯುತ್ತಾರೆ. ಕೇಳಿದರೆ ಒಂದೇ ಒಂದು ವಿಷಯ ಹೇಳಿ, ಸುತ್ತು ಮುಗಿಯುವವರೆಗೆ ಅದನ್ನೇ ಹಿಡಿದುಕೊಳ್ಳಲು ಬಿಡಿ. ನಿಯಮಗಳನ್ನು ಮಾತ್ರ ಮೊದಲೇ ಹೇಳಿ. ಹೊಸಬರ ಮೊದಲ ಸ್ನೇಹದ ಸುತ್ತಿನಲ್ಲಿ ಕಾಲಿನ ತಪ್ಪಿಗೆ ದಂಡ ಹಾಕುವ ಬದಲು "ಅಮ್ಮು, ಮಿನಿ ಹಿಂದೆ ನಿಂತ್ಕೋ, ಇಲ್ಲಿ" ಅಂತ ಜಾಗ ತೋರಿಸಿ. ಪಂದ್ಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ಲೆಕ್ಕ.

ಮುಂದೆ ಐದಾರು ಹೊಸಬರ ಗುಂಪು ನಿಧಾನವಾಗಿ ಆಡುತ್ತಿದ್ದು, ಹಿಂದೆ ನೀವು ಇಬ್ಬರೇ ಇದ್ದರೆ, ಅವರ ಹತ್ತಿರ ಬೀಳುವ ಹಾಗೆ ಎಸೆದು ಸೂಚನೆ ಕೊಡಬೇಡಿ. ನಡೆದು ಹೋಗಿ ಕೇಳಿ: "ನಾವಿಬ್ಬರೇ ಇದ್ದೀವಿ, ಮುಂದೆ ಹೋಗಬಹುದಾ?" ಬಿಟ್ಟರೆ ಬೇಗ ಆಡಿ ಮುಗಿಸಿ ಜಾಗ ಖಾಲಿ ಮಾಡಿ. ಬಿಡದಿದ್ದರೆ ಕಾಯಿರಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ "ನಿಲ್ಲಿಸೋಣ" ಅಂತ ಮೊದಲು ಹೇಳಬೇಕಾದವರು ಗುಂಪಿನಲ್ಲಿ ಮುಂದಿರುವವರು. ಹಿಂದಿರುವವರು ಹೇಳಿದರೆ ನೆಪ ಅನ್ನಿಸೀತು ಅಂತ ಅವರು ಬಾಯಿ ಬಿಡುವುದಿಲ್ಲ. ಮಿನಿ ಇಟ್ಟು, ಬಾಸ್ಕೆಟ್ ಮತ್ತು ಮರಗಳಿಂದ ದೂರ, ಕಟ್ಟಡವೋ ಕಾರೋ ಇರುವ ಕಡೆ ಹೋಗಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾದು ಮುಂದುವರಿಸಿ.

ಲೆಕ್ಕ ಮುಗಿಸುವುದು

ಪ್ರತಿ ಹೋಲ್ ಮುಗಿದ ಕೂಡಲೇ ಸ್ಕೋರನ್ನು ಅಂಕಿಯಲ್ಲಿ, ದಂಡವನ್ನೂ ಸೇರಿಸಿ, ಎಲ್ಲರಿಗೂ ಕೇಳುವಂತೆ ಹೇಳಿ: "ನಾಲ್ಕು, ಅದರಲ್ಲಿ ಓಬಿ ಒಂದು." ಪಾರ್ (ಹೋಲ್‌ಗೆ ಗೊತ್ತುಮಾಡಿದ ಎಸೆತಗಳ ಲೆಕ್ಕ), ಬರ್ಡಿ (ಅದಕ್ಕಿಂತ ಒಂದು ಕಡಿಮೆ) ಅಂತ ಹೇಳಿದರೆ ಹೋಲ್‌ನ ಪಾರ್ ಎಷ್ಟೆಂಬುದರಲ್ಲೇ ಎಡವಟ್ಟಾಗುತ್ತದೆ. ಸಂಶಯ ಬಂದರೆ ಟೀಯಿಂದ ಒಂದೊಂದೇ ಎಸೆತ ನೆನಪಿಸಿಕೊಂಡು ಬೆರಳೆಣಿಸಿ. ಮುಂದಿನ ಟೀಗೆ ಹೋದ ಮೇಲೆ ನೆನಪು ಕಲಸಿಹೋಗುತ್ತದೆ. ಕಾರ್ಡ್ ಒಪ್ಪಿಸುವ ಮುಂಚೆ ನಿಮ್ಮ ಸಾಲನ್ನು ನೀವೇ ಕೂಡಿ ನೋಡಿ. ತಪ್ಪು ಸ್ಕೋರ್ ಒಪ್ಪಿಸಿದರೆ ಎರಡು ದಂಡದ ಎಸೆತ ಸೇರುತ್ತದೆ, ಬರೆದವರು ಯಾರೇ ಆಗಿರಲಿ. ನಿಮಗೆ ಒಂದು ಕಡಿಮೆ ಬರೆದಿದ್ದಾರೆ ಅಂತ ಕಂಡರೂ ಅಷ್ಟೇ ಜೋರಾಗಿ ಹೇಳಿ.

ಕೊನೆಯ ಬಾಸ್ಕೆಟ್ ಹತ್ತಿರ ಟೋಪಿ ತೆಗೆದು ಎಲ್ಲರಿಗೂ ಕೈ ಕೊಡುವುದು ಈ ಆಟದ ರೂಢಿ. ಸೋತವರು ಮೊದಲು ಕೈ ಚಾಚಲಿ ಅಂತ ಕಾಯಬೇಡಿ. ಆಮೇಲೆ ಬಾಸ್ಕೆಟ್ ಬಿಚ್ಚಿ, ದಾರ ಸುತ್ತಿ, ರಂಗೋಲಿ ಪುಡಿಯ ಗೆರೆಗಳನ್ನು ಕಾಲಿನಲ್ಲಿ ಒರೆಸಿ ಅಳಿಸಿ. ಬಾಟಲಿ, ಬಿಸ್ಕತ್ತಿನ ಕವರ್, ಸಿಗರೇಟಿನ ತುಂಡು ಒಂದನ್ನೂ ಬಿಡಬೇಡಿ. ಫೆಬ್ರುವರಿ ಮಾರ್ಚ್‌ನಲ್ಲಿ ಒಣ ಎಲೆಗೆ ಒಂದು ಕಿಡಿ ಸಾಕು. ಮಾಲಿ ಅಣ್ಣ ಇನ್ನೂ ಅಲ್ಲೇ ಇದ್ದರೆ, ಮುಂದಿನ ವಾರ ಯಾವ ಕಡೆ ಹೊಸ ಸಸಿ ನೆಡುತ್ತಾರೆ ಅಂತ ಕೇಳಿಕೊಳ್ಳಿ. ಆ ಕಡೆಯ ಹೋಲ್ ಆಗಲೇ ಸ್ಥಳ ಬದಲಾಯಿಸಬಹುದು.